ನಿಮಗಿದು ಗೊತ್ತೆ? ಲ್ಯಾವೆಲ್ಲೆ ರಸ್ತೆಯ ಚಿನ್ನದ ನಂಟು

ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು, ಕಬ್ಬನ್ ಪಾರ್ಕ್ ದಾಟಿದರೆ ಲ್ಯಾವೆಲ್ಲೆ ರಸ್ತೆ. ಆ ಹೆಸರಿನ ಹಿಂದೆ ಕೋಲಾರದ ಚಿನ್ನವಿದೆ! ಐರಿಷ್ ಮಾಜಿ ಸೈನಿಕ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ, ಸೈನ್ಯಾಧಿಕಾರಿ ಜಾನ್ ವಾರನ್ 1804ರಲ್ಲಿ ಪ್ರಕಟಿಸಿದ್ದ ವರದಿಯೊಂದನ್ನು ಓದಿ ಕೋಲಾರದತ್ತ ಎತ್ತಿನಗಾಡಿ ಹೂಡಿಸಿದವರು. ಮಾರಿಕುಪ್ಪಂ, ಊರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ವಾರನ್ ಅದರಲ್ಲಿ ದಾಖಲಿಸಿದ್ದರು. ಲ್ಯಾವೆಲ್ಲೆಗೆ 1875ರಲ್ಲಿ 20 ವರ್ಷಗಳ ಗಣಿ ಪರವಾನಗಿ ಸಿಕ್ಕಿತು. ಆದರೆ ಗಣಿಗೆ ಬೇಕಾದಷ್ಟು ಬಂಡವಾಳವಿಲ್ಲದೆ ಕೆಲವೇ ವರ್ಷಗಳಲ್ಲಿ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಬೆಂಗಳೂರಿನ ತಮ್ಮ ದೊಡ್ಡ ಬಂಗಲೆಗೆ ಮಾತ್ರ ಗಣಿಯೂರಿನ ಹೆಸರನ್ನೇ ಇಟ್ಟಿದ್ದರು: ‘ಊರಿಗಾಂ ಹೌಸ್’. ಮುಂದೆ ಜಾನ್ ಟೇಲರ್ ಕಂಪನಿ ಬೆಳೆಸಿದ ಆ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು.