ಸೆಲೆನಿಯಂನಲ್ಲಿ 'ಡಿಲೀಟ್' ರಿಕ್ವೆಸ್ಟ್ ಕಳಿಸುವುದು ಹೇಗೆ? ಅಳಿಸುವ ಮುನ್ನ ಇವಿಷ್ಟು ತಿಳಿದಿರಲಿ

ಶಾಪಿಂಗ್ ವೆಬ್‌ಸೈಟ್ ಒಂದನ್ನು ಪರೀಕ್ಷಿಸಲು ನೀವು ಸೆಲೆನಿಯಂ ಸ್ಕ್ರಿಪ್ಟ್ ಬರೆದಿದ್ದೀರಿ ಎಂದುಕೊಳ್ಳಿ. ಪುಣೆ ಜಿಲ್ಲೆಯ ಇಂದಾಪುರದ ವಿಳಾಸ ಕೊಟ್ಟು ಅದು ಒಂದು ಹುಸಿ ಗ್ರಾಹಕ ಖಾತೆ ತೆರೆಯುತ್ತದೆ, ಲಾಗಿನ್ ಆಗುತ್ತದೆ, ಆರ್ಡರ್ ಹಾಕುತ್ತದೆ. ಟೆಸ್ಟ್ ಪಾಸ್. ಆದರೆ ಆ ಖಾತೆ ಸರ್ವರ್‌ನಲ್ಲೇ ಉಳಿದುಬಿಡುತ್ತದೆ. ಮರುದಿನ ಅದೇ ಸ್ಕ್ರಿಪ್ಟ್ ಓಡಿಸಿದರೆ 'ಈ ಮೊಬೈಲ್ ನಂಬರ್ ಈಗಾಗಲೇ ನೋಂದಣಿಯಾಗಿದೆ' ಎಂಬ ಸಂದೇಶ ಬಂದು ಟೆಸ್ಟ್ ಫೇಲ್ ಆಗುತ್ತದೆ. ವೆಬ್‌ಸೈಟ್ ಸರಿಯಾಗಿಯೇ ಇದೆ. ನಿನ್ನೆ ಬಿಟ್ಟುಹೋದ ಕಸ ಇಂದು ಕಾಲಿಗೆ ತೊಡರಿದೆ.

ಈ ಕಸ ಗುಡಿಸಲು ಸರ್ವರ್‌ಗೆ ಎಚ್‌ಟಿಟಿಪಿ 'ಡಿಲೀಟ್' ರಿಕ್ವೆಸ್ಟ್ ಕಳಿಸಬೇಕು. ಆದರೆ ಸೆಲೆನಿಯಂನಲ್ಲಿ ಅದಕ್ಕೆಂದೇ ಒಂದು ನೇರ ಕಮಾಂಡ್ ಇಲ್ಲ. ಏಕೆ? ಇರುವ ದಾರಿಗಳು ಯಾವುವು? ಎಲ್ಲಿ ಎಚ್ಚರ ಬೇಕು? ಇಲ್ಲಿದೆ ಮಾಹಿತಿ.

ನೇರ ಕಮಾಂಡ್ ಏಕಿಲ್ಲ?

ಸೆಲೆನಿಯಂ ಹುಟ್ಟಿದ್ದು 2004ರಲ್ಲಿ, ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದ ಜೇಸನ್ ಹಗ್ಗಿನ್ಸ್ ಅವರ ಕೈಯಲ್ಲಿ. ಇಂದು ಬೆಂಗಳೂರಿನ ಐಟಿ ವಲಯದಲ್ಲಿ ಟೆಸ್ಟಿಂಗ್ ಕೆಲಸ ಮಾಡುವವರಿಗೆ ಇದು ನಿತ್ಯದ ಉಪಕರಣ. 2014, 2016 ಮತ್ತು 2018ರಲ್ಲಿ ಸೆಲೆನಿಯಂ ಸಮ್ಮೇಳನ ಬೆಂಗಳೂರಿನಲ್ಲೇ ನಡೆದಿತ್ತು.

ಬಳಕೆದಾರ ಮಾಡುವುದನ್ನೇ ಮಾಡುವುದು ಇದರ ಕೆಲಸ. ಪುಟ ತೆರೆಯುವುದು, ಕ್ಲಿಕ್ ಮಾಡುವುದು, ಟೈಪ್ ಮಾಡುವುದು. ವಿಳಾಸ ಪಟ್ಟಿಯಲ್ಲಿ ಟೈಪ್ ಮಾಡಿದರೂ ಲಿಂಕ್ ಒತ್ತಿದರೂ ಹೋಗುವುದು 'ಗೆಟ್' ರಿಕ್ವೆಸ್ಟ್. ಫಾರ್ಮ್ ತುಂಬಿ ಕಳಿಸಿದರೆ 'ಗೆಟ್' ಅಥವಾ 'ಪೋಸ್ಟ್'. ಎಚ್‌ಟಿಎಂಎಲ್ ಫಾರ್ಮ್‌ಗೆ 'ಡಿಲೀಟ್' ಕಳಿಸಲು ಬರುವುದೇ ಇಲ್ಲ. ಇಂದಿನ ಸೈಟ್‌ಗಳಲ್ಲಿ 'ಅಳಿಸಿ' ಬಟನ್ ಒತ್ತಿದಾಗ 'ಡಿಲೀಟ್' ಹೋಗುತ್ತಿದ್ದರೆ, ಅದನ್ನು ಕಳಿಸುವುದು ಹಿಂದೆ ಕೆಲಸ ಮಾಡುವ ಜಾವಾಸ್ಕ್ರಿಪ್ಟ್.

ಇಲ್ಲೊಂದು ಗೊಂದಲವೂ ಇದೆ. ಸೆಲೆನಿಯಂನಲ್ಲಿ ಕುಕೀ ಅಳಿಸುವ ಕಮಾಂಡ್ ಇದೆ, ಬ್ರೌಸರ್ ಮುಚ್ಚುವ 'ಕ್ವಿಟ್' ಇದೆ. ಇವೆರಡೂ ಒಳಗೆ 'ಡಿಲೀಟ್' ರಿಕ್ವೆಸ್ಟನ್ನೇ ಬಳಸುತ್ತವೆ. ಆದರೆ ಅದು ಹೋಗುವುದು ನಿಮ್ಮ ಕಂಪ್ಯೂಟರ್‌ನಲ್ಲಿರುವ ಕ್ರೋಮ್‌ಡ್ರೈವರ್‌ನಂಥ ಡ್ರೈವರ್‌ಗೆ. ವೆಬ್‌ಸೈಟ್‌ನ ದತ್ತಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ.

ದಾರಿ 1: ಬ್ರೌಸರ್ ಒಳಗಿನಿಂದಲೇ ಕಳಿಸಿ

ಮೊದಲು ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು, 'ಅಳಿಸಿ' ಬಟನ್ ಒತ್ತಿದಾಗ ಯಾವ ರಿಕ್ವೆಸ್ಟ್ ಹೋಗುತ್ತದೆ ಎಂದು ನೋಡಿ. ಕೆಲವು ಫ್ರೇಮ್‌ವರ್ಕ್‌ಗಳು 'ಪೋಸ್ಟ್' ಕಳಿಸಿ, ಫಾರ್ಮ್‌ನ ಮರೆಯ ಫೀಲ್ಡ್‌ನಲ್ಲಿ 'ಇದನ್ನು ಡಿಲೀಟ್ ಎಂದು ತಿಳಿ' ಎಂದು ಸೂಚಿಸುತ್ತವೆ. ರೂಬಿ ಆನ್ ರೈಲ್ಸ್ ಇದಕ್ಕೆ ಉದಾಹರಣೆ. ಅಂಥ ಕಡೆ ನೀವೂ ಹಾಗೆಯೇ ಕಳಿಸಬೇಕು.

ನಿಜವಾದ 'ಡಿಲೀಟ್' ಹೋಗುತ್ತಿದ್ದರೆ, ಜಾವಾಸ್ಕ್ರಿಪ್ಟ್ ಓಡಿಸುವ 'ಎಕ್ಸಿಕ್ಯೂಟ್ ಅಸಿಂಕ್ ಸ್ಕ್ರಿಪ್ಟ್' ಕಮಾಂಡ್ ಬಳಸಿ. ಅದರೊಳಗೆ 'ಫೆಚ್' ಕರೆದು, ಮೆಥಡ್ 'ಡಿಲೀಟ್' ಎಂದು ಕೊಡಿ. ಉತ್ತರ ಬಂದ ಮೇಲೆ ಸ್ಟೇಟಸ್ ಸಂಖ್ಯೆಯನ್ನು ಕಾಲ್‌ಬ್ಯಾಕ್ ಮೂಲಕ ಹಿಂದಿರುಗಿಸಿ. ಲಾಗಿನ್ ಕುಕೀಗಳು ತಾವಾಗಿಯೇ ಜೊತೆಗೆ ಹೋಗುವುದು ಇದರ ಲಾಭ.

ಒಂದು ಷರತ್ತಿದೆ. ಅದೇ ಸೈಟ್‌ನ ಪುಟವನ್ನು ಮೊದಲು ತೆರೆದಿರಬೇಕು. ಖಾಲಿ ಟ್ಯಾಬ್‌ನಿಂದಲೋ ಬೇರೆ ಡೊಮೇನ್‌ನಿಂದಲೋ ಕಳಿಸಿದರೆ, ಬ್ರೌಸರ್ ಮೊದಲು 'ಆಪ್ಷನ್ಸ್' ರಿಕ್ವೆಸ್ಟ್ ಕಳಿಸಿ ಸರ್ವರ್‌ನ ಒಪ್ಪಿಗೆ ಕೇಳುತ್ತದೆ. ಒಪ್ಪಿಗೆ ಸಿಗದಿದ್ದರೆ 'ಡಿಲೀಟ್' ಹೊರಡುವುದೇ ಇಲ್ಲ. ಸೈಟ್ ಸಿಎಸ್‌ಆರ್‌ಎಫ್ ಟೋಕನ್ ಕೇಳುವುದಾದರೆ ಅದನ್ನೂ ಹೆಡರ್‌ನಲ್ಲಿ ಸೇರಿಸಿ.

ದಾರಿ 2: ಬ್ರೌಸರ್ ಬಿಟ್ಟು ನೇರವಾಗಿ

ಕಸ ಗುಡಿಸಲು ಬ್ರೌಸರ್ ಬೇಕೇ ಬೇಕು ಎಂದೇನಿಲ್ಲ. ಪೈಥಾನ್ ಬಳಸುವವರಿಗೆ 'ರಿಕ್ವೆಸ್ಟ್ಸ್' ಲೈಬ್ರರಿ ಇದೆ. ಸೆಲೆನಿಯಂನಿಂದ ಲಾಗಿನ್ ಆದ ಬಳಿಕ 'ಗೆಟ್ ಕುಕೀಸ್' ಮೂಲಕ ಕುಕೀಗಳನ್ನು ಪಡೆದು, ಈ ಲೈಬ್ರರಿಯ ಸೆಷನ್‌ಗೆ ತುಂಬಿಸಿ 'ಡಿಲೀಟ್' ಕಳಿಸಬಹುದು. ಡೊಮೇನ್ ನಿರ್ಬಂಧದ ತೊಡಕು ಇಲ್ಲಿ ಬರುವುದಿಲ್ಲ.

ದಾರಿ 3: ಹೊಸ ಉಪಕರಣಗಳು

ಮೈಕ್ರೋಸಾಫ್ಟ್ 2020ರಲ್ಲಿ ತಂದ ಪ್ಲೇರೈಟ್‌ನಲ್ಲಿ ಈ ಸೌಲಭ್ಯ ಈಗ ಅಡಕವಾಗಿದೆ. ಪುಟದ ಕುಕೀಗಳನ್ನೇ ಬಳಸಿಕೊಂಡು 'ಡಿಲೀಟ್' ಕಳಿಸುವ ಕಮಾಂಡ್ ಅದರಲ್ಲಿದೆ. ಸೈಪ್ರೆಸ್‌ನಲ್ಲಿ 'ರಿಕ್ವೆಸ್ಟ್' ಕಮಾಂಡ್‌ಗೆ ಮೆಥಡ್ ಹೆಸರು ಕೊಟ್ಟರೆ ಸಾಕು.

ಸರ್ವರ್ ಉತ್ತರದ ಅರ್ಥವೇನು?

200 ಅಥವಾ 204 ಬಂದರೆ ಅಳಿಸಿದ್ದಾಯಿತು. 204ರಲ್ಲಿ ಉತ್ತರದ ಒಡಲು ಖಾಲಿ ಇರುತ್ತದೆ. ಅದನ್ನು ಜೇಸನ್ ಎಂದು ಓದಲು ಹೋದರೆ ಸ್ಕ್ರಿಪ್ಟ್ ದೋಷ ಕೊಡುತ್ತದೆ. 202 ಎಂದರೆ ಕೋರಿಕೆ ಸ್ವೀಕಾರವಾಗಿದೆ, ಕೆಲಸ ಇನ್ನೂ ಮುಗಿದಿಲ್ಲ. 401 ಮತ್ತು 403 ಲಾಗಿನ್ ಹಾಗೂ ಅನುಮತಿಯ ಸಮಸ್ಯೆ. 405 ಎಂದರೆ ಆ ವಿಳಾಸಕ್ಕೆ 'ಡಿಲೀಟ್' ನಿಷಿದ್ಧ.

2022ರ ಎಚ್‌ಟಿಟಿಪಿ ಮಾನದಂಡವಾದ ಆರ್‌ಎಫ್‌ಸಿ 9110ರ ಪ್ರಕಾರ, ಒಂದೇ 'ಡಿಲೀಟ್' ಅನ್ನು ಎರಡು ಸಲ ಕಳಿಸಿದರೂ ಒಮ್ಮೆ ಕಳಿಸಿದಾಗ ಆಗುವ ಪರಿಣಾಮವೇ ಆಗಬೇಕು. ಎರಡನೇ ಸಲ 404 ಬಂದರೆ ಗಾಬರಿ ಬೇಡ, ಆ ವಸ್ತು ಆಗಲೇ ಹೋಗಿದೆ. ಆದರೆ ಮೊದಲ ಸಲವೇ 404 ಬಂದರೆ ವಿಳಾಸ ತಪ್ಪಿದೆಯೇ ಎಂದು ನೋಡಿ.

2005ರಲ್ಲಿ ಕಲಿತ ಪಾಠ

'ಅಳಿಸಿ' ಎಂಬುದನ್ನು ಸಾಮಾನ್ಯ ಲಿಂಕ್ ಮಾಡಿಟ್ಟರೆ ಇಷ್ಟೆಲ್ಲ ತೊಂದರೆಯೇ ಇಲ್ಲವಲ್ಲ ಎಂದು ಅನ್ನಿಸಬಹುದು. ಹಾಗೆ ಮಾಡಿದ್ದವರು 2005ರ ಮೇ ತಿಂಗಳಲ್ಲಿ ಪೆಟ್ಟು ತಿಂದರು. ಆಗ ಬಂದ ಗೂಗಲ್ ವೆಬ್ ಆಕ್ಸಲರೇಟರ್, ವೇಗ ಹೆಚ್ಚಿಸಲೆಂದು ಪುಟದಲ್ಲಿದ್ದ ಲಿಂಕ್‌ಗಳನ್ನು ಮುಂಚೆಯೇ ತೆರೆದಿಡುತ್ತಿತ್ತು. ಆ ಭರದಲ್ಲಿ 'ಅಳಿಸಿ' ಲಿಂಕ್‌ಗಳನ್ನೂ ತೆರೆಯಿತು. 37ಸಿಗ್ನಲ್ಸ್‌ನ ಬ್ಯಾಕ್‌ಪ್ಯಾಕ್ ಸೇರಿದಂತೆ ಕೆಲವು ಸೇವೆಗಳ ಬಳಕೆದಾರರ ಮಾಹಿತಿ ಕಣ್ಮರೆಯಾಯಿತು. 'ಖಚಿತವೇ?' ಎಂದು ಕೇಳುವ ಕಿಟಕಿಯೂ ಅಡ್ಡ ಬರಲಿಲ್ಲ, ಏಕೆಂದರೆ ಅದು ಏಳುವುದು ಮನುಷ್ಯ ಕ್ಲಿಕ್ ಮಾಡಿದಾಗ ಮಾತ್ರ.

'ಗೆಟ್' ಇರುವುದು ಓದಲು, 'ಡಿಲೀಟ್' ಇರುವುದು ಅಳಿಸಲು. ಈ ಗೆರೆ ಅಳಿಸಿದರೆ ಲಿಂಕ್ ಹಿಡಿದು ಹೋಗುವ ಯಾವ ಯಂತ್ರವಾದರೂ ದತ್ತಾಂಶ ನುಂಗಬಹುದು. ನಿಮ್ಮ ಸ್ಕ್ರಿಪ್ಟ್ ಕೂಡ ಅಂಥದ್ದೇ ಒಂದು ಯಂತ್ರ.

ಅಳಿಸುವ ಮುನ್ನ ಗಮನಿಸಿ

* 'ಡಿಲೀಟ್' ಕಳಿಸುವ ಮೊದಲು ಸರ್ವರ್ ಹೆಸರನ್ನು ಸ್ಕ್ರಿಪ್ಟ್ ತಾನೇ ಪರಿಶೀಲಿಸಲಿ. ಅದು ಟೆಸ್ಟ್ ಸರ್ವರ್ ಅಲ್ಲವಾದರೆ ಅಲ್ಲೇ ನಿಲ್ಲಲಿ.

* ಸ್ಕ್ರಿಪ್ಟ್ ತಾನು ಸೃಷ್ಟಿಸಿದ ಖಾತೆಯ ಐಡಿಯನ್ನು ನೆನಪಿಟ್ಟುಕೊಂಡು ಅದನ್ನಷ್ಟೇ ಅಳಿಸಲಿ. 'ಇಂದಾಪುರದ ಎಲ್ಲ ಗ್ರಾಹಕರು' ಎಂಬಂಥ ಹುಡುಕಾಟದ ಫಲಿತಾಂಶವನ್ನು ಸಾಲಾಗಿ ಅಳಿಸಬೇಡಿ. ಆ ಪಟ್ಟಿಯಲ್ಲಿ ನಿಜವಾದ ಗ್ರಾಹಕರೂ ಇರಬಹುದು.

* ಅಳಿಸುವ ಹೆಜ್ಜೆಯನ್ನು ಟೆಸ್ಟ್ ಫೇಲ್ ಆದರೂ ತಪ್ಪದೆ ಓಡುವ 'ಟಿಯರ್‌ಡೌನ್' ಭಾಗದಲ್ಲಿ ಇಡಿ. ಕೊನೆಗೆ ಅದೇ ವಿಳಾಸಕ್ಕೆ 'ಗೆಟ್' ಕಳಿಸಿ, 404 ಬಂದಿತೇ ನೋಡಿ.

* 'ಅಳಿಸಿ' ಬಟನ್ನನ್ನೇ ಪರೀಕ್ಷಿಸಬೇಕಿದ್ದರೆ ಈ ಅಡ್ಡದಾರಿಗಳು ಬೇಡ. ಆಗ ಬಳಕೆದಾರನಂತೆ ಬಟನ್ನನ್ನೇ ಒತ್ತಬೇಕು. ಬಟನ್ ಕೆಟ್ಟಿದ್ದರೂ ನೇರ ರಿಕ್ವೆಸ್ಟ್ ಯಶಸ್ವಿಯಾಗುತ್ತದೆ, ದೋಷ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.