ಅಂತರ್ವಾಣಿಯ ಒರೆಗಲ್ಲು

ದೇವರು ತಮಗೆ ಹೀಗೆ ಮಾಡೆಂದು ಪ್ರೇರಿಸಿದನೆಂಬ ಮಾತನ್ನು ದೇವಾಲಯದ ಜಗಲಿಯಲ್ಲಿಯೂ ಕಚೇರಿಯ ಪಡಸಾಲೆಯಲ್ಲಿಯೂ ನಾವು ಕೇಳುತ್ತಲೇ ಇರುವೆವು. ಹಾಗೆ ನುಡಿಯುವವರಲ್ಲಿ ನಿಜವಾದ ಭಕ್ತರುಂಟು. ತಮ್ಮ ಇಚ್ಛೆಗೇ ದೇವರ ಮುದ್ರೆಯನ್ನೊತ್ತುವವರೂ ಉಂಟು. ಇವರನ್ನು ಬೇರ್ಪಡಿಸುವ ಒರೆಗಲ್ಲು ಯಾವುದು? ಪರರನ್ನು ಅಳೆಯುವುದಕ್ಕಿಂತಲೂ ನಮ್ಮನ್ನು ನಾವೇ ಅಳೆದುಕೊಳ್ಳುವುದಕ್ಕೆ ಅದು ಹೆಚ್ಚು ಅವಶ್ಯಕವಾಗಿದೆ.

ನಮ್ಮ ಅನುಭವವೊಂದನ್ನು ಮರೆಮಾಚದೆ ಹೇಳುವೆವು. ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ದೇವರ ಮುಂದೆ ಕುಳಿತಿದ್ದೆವು. ಕೈಯಲ್ಲಿ ಗಂಟೆ, ಬಾಯಲ್ಲಿ ಮಂತ್ರ, ಮನಸ್ಸಿನಲ್ಲಿ ಕಾಗದದ ವ್ಯಾಪಾರಿಯ ಬಾಕಿ! ಹೊರಗೆ ಜಗಲಿಯ ಮೇಲೆ ನಮ್ಮ ಅಚ್ಚುಕೂಟದ ಕೆಲಸಗಾರನೊಬ್ಬನು, ಎರಡು ವಾರ ತಡವಾಗಿದ್ದ ಸಂಬಳಕ್ಕಾಗಿ ಕಾದಿದ್ದನು. ಪೂಜೆ ಬೇಗನೆ ಮುಗಿದರೆ ಅವನಿಗೆ ಉತ್ತರ ಕೊಡಬೇಕಾಗುವುದೆಂದು ನಾವು ಸಹಸ್ರನಾಮವನ್ನು ಎಂದಿಲ್ಲದ ನಿಧಾನದಿಂದ ಪಠಿಸತೊಡಗಿದೆವು. ನಡುವೆ ನಾಲಗೆ ತಡವರಿಸಿತು. ಅಶರೀರವಾಣಿಯೇನೂ ಕೇಳಿಸಲಿಲ್ಲ; ಯಾರ ಮರೆಯಲ್ಲಿ ಅಡಗಿ ಕುಳಿತಿರುವೆವೆಂಬ ಅರಿವು ಮಾತ್ರ ನಾಚಿಕೆಯ ರೂಪದಲ್ಲಿ ಬಂದಿತು. ಎದ್ದು ಹೋಗಿ, ಮನೆವೆಚ್ಚಕ್ಕೆಂದು ತೆಗೆದಿರಿಸಿದ್ದ ಹಣವನ್ನು ಅವನ ಕೈಗಿತ್ತು ಬಂದೆವು. ಆ ದಿನದ ಮಂಗಳಾರತಿಯಲ್ಲಿ ನಮಗೆ ಕಂಡ ಸಾನ್ನಿಧ್ಯವು ಅದಕ್ಕೆ ಹಿಂದೆ ಹಲವು ಕಾಲ ಕಂಡಿರಲಿಲ್ಲ.

ಇದು ಹೊಸ ಪಾಠವೇನೂ ಅಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು, ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹೇಳಿದಳೆಂಬ ಕಥೆ ಕನ್ನಡಿಗರಿಗೆ ಚಿರಪರಿಚಿತ. ಅಲ್ಲಿ ಶಿವನ ಆಜ್ಞೆ ಆಗಸದಿಂದ ಇಳಿಯಲಿಲ್ಲ. ಮಡದಿಯ ಬಾಯಿಂದ, ಅಕ್ಕಿಯ ಅಳತೆಯಲ್ಲಿ ಬಂದಿತು.

ನಮಗೆ ಇನ್ನೂ ಸಮೀಪದ ನಿದರ್ಶನ ಮಹಾತ್ಮ ಗಾಂಧಿಯವರದು. 1930ರ ಜನವರಿಯಲ್ಲಿ ದೇಶವೆಲ್ಲ ಮುಂದಿನ ದಾರಿಯನ್ನು ಕೇಳುತ್ತಿದ್ದಾಗ, ಸಾಬರಮತಿಗೆ ಬಂದ ರವೀಂದ್ರನಾಥ ಠಾಕೂರರಿಗೆ ಅವರು, ತಮಗಿನ್ನೂ ಬೆಳಕು ಕಂಡಿಲ್ಲವೆಂದೇ ತಿಳಿಸಿದರು. ಉಪ್ಪಿನ ದಾರಿ ಹೊಳೆದ ಮೇಲೆ ಮಾರ್ಚಿ 12ರಂದು ದಂಡಿಗೆ ತಾವೇ ಮುಂದಾಗಿ ನಡೆದರು. 1933ರಲ್ಲಿ ಯೆರವಡಾ ಸೆರೆಮನೆಯಲ್ಲಿದ್ದಾಗ, ಹರಿಜನ ಕಾರ್ಯದ ನಿಮಿತ್ತ ಆತ್ಮಶುದ್ಧಿಗಾಗಿ 21 ದಿನಗಳ ಉಪವಾಸವನ್ನು ಕೈಗೊಂಡರು. ಅದಕ್ಕೆ ತಮ್ಮನ್ನು ಪ್ರೇರಿಸಿದುದು ಅಂತರ್ವಾಣಿಯೆಂದರು. ಸಂಶಯಪಡುವವರಿಗೆ ತೋರಿಸಲು ತಮ್ಮಲ್ಲಿ ಪ್ರಮಾಣವಿಲ್ಲವೆಂದೂ ಒಪ್ಪಿಕೊಂಡರು. ಆದರೆ ಆ ವಾಣಿಯು ಮೊದಲು ಬೇಡಿದುದು ಅವರ ದೇಹವನ್ನೇ ಎಂಬುದನ್ನು ನಮ್ಮ ವಾಚಕರು ಗಮನಿಸಬೇಕು. 1939ರ ರಾಜಕೋಟೆಯ ಉಪವಾಸದ ತರುವಾಯ, ವೈಸರಾಯರ ಮಧ್ಯಪ್ರವೇಶವನ್ನು ಕೋರಿದುದರಲ್ಲಿ ಹಿಂಸೆಯ ಲೇಶವಿತ್ತೆಂದು ಅವರಿಗೆ ಅರಿವಾಯಿತು. ಆಗ ತಮಗೆ ಅನುಕೂಲವಾಗಿ ಬಂದಿದ್ದ ತೀರ್ಪನ್ನೇ ತ್ಯಜಿಸಿ, ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಒರೆಗಲ್ಲು ಇಲ್ಲಿಯೇ ಇದೆ. ದೇವರ ವಾಣಿಯು ಕೇಳಿದವನಿಂದಲೇ ಮೊದಲು ಬೆಲೆ ಕೇಳುವುದು. ನಮ್ಮ ಇಚ್ಛೆಯ ವಾಣಿಯು ನೆರೆಯವನಿಂದ ಕೇಳುವುದು. ಮೊದಲನೆಯದು ಕತ್ತಲೆಯಲ್ಲಿ ಕಾಯಬಲ್ಲದು, ಎಡವಿದಾಗ ಎಡವಿದೆನೆಂದು ಹೇಳಬಲ್ಲದು. ಎರಡನೆಯದಕ್ಕೆ ಈ ಎರಡೂ ಅಸಹ್ಯ.

ಪೂಜಾಗೃಹದಲ್ಲಿ ಸಾನ್ನಿಧ್ಯವಿಲ್ಲವೆಂದು ನಾವು ಹೇಳುವವರಲ್ಲ. ಕಿವಿಯನ್ನು ತಿದ್ದಿಕೊಳ್ಳುವ ಸ್ಥಳ ಅದೇ. ಆದರೆ ತಿದ್ದಿದ ಕಿವಿಗೆ ಕರೆ ಕೇಳಿಬರುವುದು ಬಹುಮಟ್ಟಿಗೆ ಹೊರಗಿನಿಂದ: ಜಗಲಿಯ ಮೇಲೆ ಕಾದಿರುವ ಕೂಲಿಯವನಿಂದ, ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ವಿಧವೆಯಿಂದ. ಅವರನ್ನು ನಾಳೆ ಬಾ ಎಂದು ಕಳುಹಿಸಿ ಬಾರಿಸುವ ಗಂಟೆ ಎಷ್ಟು ದೂರ ಕೇಳಿಸೀತು?