ಕಡಿದ ಸಂಪರ್ಕ

ದಾವಣಗೆರೆಗೂ ಹರಿಹರಕ್ಕೂ ನಡುವೆ ಸುಮಾರು 14 ಕಿಲೋಮೀಟರುಗಳ ಅಂತರ. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ಊರು ದಾವಣಗೆರೆ. ತುಂಗಭದ್ರೆಯ ದಂಡೆಯ ಮೇಲೆ, ಹರಿಹರೇಶ್ವರನ ಪ್ರಾಚೀನ ದೇವಾಲಯದ ಸುತ್ತ ಬೆಳೆದ ಊರು ಹರಿಹರ. ಒಂದರಿಂದ ಇನ್ನೊಂದಕ್ಕೆ ಹೋಗಲು ಬಸ್ಸುಂಟು, ರೈಲುಂಟು. ಮನುಷ್ಯರು ಹೋಗಿಬರಲು ದಾರಿಗಳಿರುವಂತೆ, ಮಾತು, ಚಿತ್ರ, ಲೆಕ್ಕಪತ್ರಗಳು ಹೋಗಿಬರಲೂ ಈಗ ದಾರಿಗಳಿವೆ. ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಆ ದಾರಿಗಳ ಹೆಣಿಗೆಯನ್ನು ನಾವು ಜಾಲವೆಂದು ಕರೆಯುತ್ತೇವೆ. ರಸ್ತೆ ಕಡಿದುಹೋದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಜಾಲ ಕಡಿದುಹೋದರೆ ಹಾಗೆ ಕಾಣುವುದಿಲ್ಲ. ಹಾಗಾದರೆ ಅದು ಎಲ್ಲಿ ಕಡಿದಿದೆಯೆಂಬುದನ್ನು ಕಂಡುಹಿಡಿಯುವುದು ಹೇಗೆ? ನನ್ನ ಅನುಭವಕ್ಕೆ ಬಂದ ಒಂದು ಪ್ರಸಂಗದ ಮೂಲಕ ಅದನ್ನು ವಿಚಾರ ಮಾಡೋಣ.

ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ಹಳೆಯ ಗಣಕಯಂತ್ರವಿದೆ. ಅದಕ್ಕೆ ಪರದೆಯನ್ನಾಗಲಿ ಕೀಲಿಮಣೆಯನ್ನಾಗಲಿ ಜೋಡಿಸಿಲ್ಲ. ಗೋಡೆಯ ಬದಿಯ ಒಂದು ಹಲಗೆಯ ಮೇಲೆ ಹಗಲಿರುಳೂ ಸಣ್ಣಗೆ ಸದ್ದು ಮಾಡುತ್ತ ಅದು ಕುಳಿತಿರುತ್ತದೆ. ಮನೆಯ ಬೇರೆ ಗಣಕಗಳೂ ಮೊಬೈಲುಗಳೂ ಕೇಳಿದುದನ್ನು ತನ್ನ ಉಗ್ರಾಣದಿಂದ ತೆಗೆದುಕೊಡುವುದೇ ಅದರ ಕೆಲಸ. ಹೀಗೆ ಇತರ ಯಂತ್ರಗಳಿಗೆ ಸೇವೆ ಸಲ್ಲಿಸುವ ಗಣಕಕ್ಕೆ ಸರ್ವರ್ ಎಂದು ಹೆಸರು. ಬ್ಯಾಂಕು, ರೈಲ್ವೆ ಮೊದಲಾದ ದೊಡ್ಡ ಸಂಸ್ಥೆಗಳ ಸರ್ವರುಗಳು ಲಕ್ಷಾಂತರ ಜನರಿಗೆ ಸೇವೆ ಮಾಡುತ್ತವೆ. ನಮ್ಮದು ಒಂದು ಮನೆಯ ಮಟ್ಟಿನದು. ಅದರಲ್ಲಿ ಜಮೀನಿನ ಕಾಗದಪತ್ರಗಳ ಪ್ರತಿಗಳಿವೆ. ಮದುವೆ, ನಾಮಕರಣಗಳ ಚಿತ್ರಗಳಿವೆ. ಎಲ್ಲಕ್ಕೂ ಮಿಗಿಲಾಗಿ, ತೀರಿಕೊಂಡ ನಮ್ಮ ಅಜ್ಜಿ ತಾವೇ ಹಾಡಿದ ಬೀಸುವ ಪದಗಳೂ ಸೋಬಾನೆ ಪದಗಳೂ ಇವೆ. ಅವುಗಳಿಗೆ ಆಗ ಇನ್ನೊಂದು ಪ್ರತಿ ಇರಲಿಲ್ಲ.

ಒಂದು ಭಾನುವಾರ ನಾನು ಹರಿಹರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಜ್ಜಿಯ ಒಂದು ಹಾಡನ್ನು ಕಲಿತು ಮರುದಿನ ಶಾಲೆಯಲ್ಲಿ ಹಾಡಬೇಕೆಂದು ಅಕ್ಕನ ಮಗಳು ಹಟ ಹಿಡಿದಿದ್ದಳು. ಅಲ್ಲಿಂದಲೇ ಜಾಲದ ಮೂಲಕ ನಮ್ಮ ಮನೆಯ ಸರ್ವರನ್ನು ತಲುಪಿದೆನು. ಹಾಡನ್ನು ಹುಡುಕುವ ಮುನ್ನ, ಬಹುದಿನಗಳಿಂದ ಬಾಕಿ ಉಳಿದಿದ್ದ ಒಂದು ಕೆಲಸವನ್ನು ಮುಗಿಸಿಬಿಡೋಣವೆನಿಸಿತು. ಅದು ತಂತ್ರಾಂಶದ ಪರಿಷ್ಕರಣ. ಗಣಕವನ್ನು ನಡೆಸುವ ಸೂಚನೆಗಳ ಸಮೂಹವೇ ತಂತ್ರಾಂಶ. ಮನುಷ್ಯರು ಬರೆದ ಸೂಚನೆಗಳಲ್ಲಿ ತಪ್ಪುಗಳಿರುವುದು ಸಹಜ. ಕಳ್ಳರು ನುಗ್ಗಬಹುದಾದ ಸಂದುಗಳೂ ಇರುವುದುಂಟು. ಅವನ್ನು ತಿದ್ದಿದ ಹೊಸ ಆವೃತ್ತಿಗಳನ್ನು ಆಗಾಗ ಅಳವಡಿಸಿಕೊಳ್ಳುವುದಕ್ಕೆ ಪರಿಷ್ಕರಣ ಅಥವಾ ಅಪ್‌ಡೇಟ್ ಎನ್ನುತ್ತಾರೆ. ಅದನ್ನು ಮಾಡದೆ ಬಿಡುವುದು ತರವಲ್ಲ. ಆದರೆ ಅದನ್ನು ಎಲ್ಲಿ ಕುಳಿತು, ಯಾವಾಗ ಮಾಡಬೇಕೆಂಬ ವಿವೇಕ ಬೇಕು. ಆ ದಿನ ನನಗೆ ಅದಿರಲಿಲ್ಲ.

ಪರಿಷ್ಕರಣ ಮುಗಿಯಿತು. ಯಂತ್ರವು ಒಮ್ಮೆ ನಿಂತು ಮತ್ತೆ ಪ್ರಾರಂಭವಾಗಲೆಂದು ಆಜ್ಞೆ ಕೊಟ್ಟೆನು. ಎರಡು ನಿಮಿಷ ಕಾದೆನು, ಹತ್ತು ನಿಮಿಷ ಕಾದೆನು. ಸರ್ವರಿನಿಂದ ಉತ್ತರವೇ ಇಲ್ಲ. ದಾವಣಗೆರೆಯ ಮನೆಗೆ ಫೋನು ಮಾಡಿ ಕೇಳಿದಾಗ, ಅಲ್ಲಿನ ಇನ್ನೊಂದು ಗಣಕಕ್ಕೂ ಅದು ಸಿಗುತ್ತಿಲ್ಲವೆಂದೂ, ಆದರೆ ಅಂತರಜಾಲ ಮಾತ್ರ ಎಂದಿನಂತೆ ಇದೆಯೆಂದೂ ತಿಳಿಯಿತು. ದೋಷ ಹೊರಗಿನ ದಾರಿಯಲ್ಲಿಲ್ಲ, ಮನೆಯೊಳಗೇ ಇದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಯಾವ ದಾರಿಯಿಂದ ನಾನು ಆಜ್ಞೆಗಳನ್ನು ಕಳುಹಿಸುತ್ತಿದ್ದೆನೋ ಆ ದಾರಿಯೇ ಕಡಿದುಹೋಗಿತ್ತು. ಕುಳಿತ ಕೊಂಬೆಯನ್ನೇ ಕಡಿದುಕೊಂಡವನ ಸ್ಥಿತಿ ನನ್ನದಾಯಿತು.

ಮನೆಗೆ ಹೋಗಿ ಯಂತ್ರದಲ್ಲಿರುವುದನ್ನೆಲ್ಲ ಅಳಿಸಿ, ತಂತ್ರಾಂಶವನ್ನು ಮೊದಲಿನಿಂದ ಹೊಸದಾಗಿ ತುಂಬಿಬಿಡುತ್ತೇನೆಂದು ನಾನು ಅವಸರಪಟ್ಟೆನು. ಅಕ್ಕನ ಮಾವನವರು ಅಲ್ಲಿಯೇ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. 1941ರಲ್ಲಿ ಹರಿಹರದಲ್ಲಿ ಪ್ರಾರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅವರು ಬಹಳ ವರ್ಷ ದುಡಿದವರು. ಲೋಹವನ್ನು ಕಡೆಯುವ ಲೇತ್ ಯಂತ್ರಗಳು ಅಲ್ಲಿ ತಯಾರಾಗುತ್ತಿದ್ದವು. ಆ ಕಾರ್ಖಾನೆ ಈಗ ಇಲ್ಲ. ಅದು ಕಲಿಸಿದ ಶಿಸ್ತು ಮಾತ್ರ ಅವರಲ್ಲಿ ಉಳಿದಿದೆ.

"ನೋಡಪ್ಪಾ, ನಡೆಯುತ್ತಿದ್ದ ಲೇತ್ ನಿಂತುಹೋದರೆ ನಾವು ಮೊದಲಿಗೇ ಮೋಟಾರು ಬಿಚ್ಚುತ್ತಿರಲಿಲ್ಲ" ಎಂದರು ಅವರು. "ಕರೆಂಟು ಬಂದಿದೆಯೇ, ಬೆಲ್ಟು ಕೂತಿದೆಯೇ, ಗೇರು ಕಚ್ಚಿದೆಯೇ ಎಂದು ಒಂದೊಂದಾಗಿ ನೋಡುತ್ತಿದ್ದೆವು. ನಿನ್ನ ಯಂತ್ರ ಸತ್ತಿದೆಯೋ, ಅದಕ್ಕೆ ಹೋಗುವ ದಾರಿ ಕೆಟ್ಟಿದೆಯೋ ಅದನ್ನು ಮೊದಲು ತಿಳಿದುಕೊ. ಮನೆಯ ಬೀಗದ ಕೈ ಕಳೆದರೆ ಯಾರಾದರೂ ಮನೆಯನ್ನೇ ಕೆಡವುತ್ತಾರೆಯೇ?"

ಅವರ ಮಾತಿನಲ್ಲಿ ದೊಡ್ಡ ಸತ್ಯವೊಂದಿತ್ತು. ಸಂಪರ್ಕ ತಪ್ಪಿದ ಮಾತ್ರಕ್ಕೆ ಯಂತ್ರದಲ್ಲಿಟ್ಟಿದ್ದ ಸಂಗ್ರಹ ನಾಶವಾಯಿತೆಂದು ಅರ್ಥವಲ್ಲ. ಹಾಡುಗಳು ಇದ್ದಲ್ಲಿಯೇ ಇರಬಹುದು. ಅವಸರದಲ್ಲಿ ನಾನು ಎಲ್ಲವನ್ನೂ ಅಳಿಸಿದ್ದರೆ ಅಜ್ಜಿಯ ದನಿಯೂ ಅದರೊಂದಿಗೆ ಅಳಿದುಹೋಗುತ್ತಿತ್ತು. ನಾವಿಬ್ಬರೂ ಬಸ್ಸು ಹಿಡಿದು ದಾವಣಗೆರೆಗೆ ಬಂದೆವು. ಸರ್ವರಿಗೆ ಒಂದು ಪರದೆಯನ್ನೂ ಕೀಲಿಮಣೆಯನ್ನೂ ಜೋಡಿಸಿ, ಹತ್ತಿರದಿಂದ ದೂರಕ್ಕೆ ಒಂದೊಂದೇ ಹೆಜ್ಜೆಯಾಗಿ ಪರೀಕ್ಷಿಸತೊಡಗಿದೆವು.

ಮನೆಯ ಜಾಲದ ರಚನೆಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಗಣಕದೊಳಗೆ ಜಾಲದ ಕಾರ್ಡು ಎಂಬ ಒಂದು ಭಾಗವಿರುತ್ತದೆ. ಅದರಿಂದ ಹೊರಟ ಕೇಬಲ್ಲು ರೂಟರ್ ಎಂಬ ಪೆಟ್ಟಿಗೆಯನ್ನು ಸೇರುತ್ತದೆ. ಮನೆಯ ಎಲ್ಲ ಯಂತ್ರಗಳೂ ಕೂಡುವ ಚೌಕವೆಂದರೆ ರೂಟರ್. ಹೊರಗಿನ ಅಂತರಜಾಲಕ್ಕೆ ಹೆಬ್ಬಾಗಿಲೂ ಅದೇ. ಪ್ರತಿಯೊಂದು ಯಂತ್ರಕ್ಕೂ ಅಂಕಿಗಳಿಂದಾದ ಒಂದು ವಿಳಾಸವಿರಬೇಕು. 192.168 ಎಂದು ಮೊದಲಾಗುವ ವಿಳಾಸಗಳನ್ನು ಮನೆ, ಕಚೇರಿಗಳ ಒಳಜಾಲಗಳ ಬಳಕೆಗೆಂದೇ ಮೀಸಲಿಡಲಾಗಿದೆ. ಕಾರ್ಡು, ಕೇಬಲ್ಲು, ವಿಳಾಸ, ರೂಟರ್ ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಸರಪಳಿ ತುಂಡಾಗುತ್ತದೆ.

ಮೊದಲನೆಯ ಪರೀಕ್ಷೆ ಕಣ್ಣಿನದು. ಕೇಬಲ್ಲು ಸೇರುವ ಕಿಂಡಿಯ ಪಕ್ಕದಲ್ಲಿ ಒಂದು ಸಣ್ಣ ದೀಪವಿರುತ್ತದೆ. ನಮ್ಮ ಸರ್ವರಿನಲ್ಲಿ ಅದು ಉರಿಯುತ್ತಿತ್ತು. ಕೇಬಲ್ಲು ಕಡಿದಿಲ್ಲವೆಂದು ಇದರಿಂದ ಗೊತ್ತಾಯಿತು. ಎರಡನೆಯದಾಗಿ, ಯಂತ್ರವು ತನ್ನ ಕಾರ್ಡನ್ನು ಗುರುತಿಸಿದೆಯೇ ಎಂದು ನೋಡಿದೆವು. ಗುರುತಿಸಿತ್ತು. ಕಾರ್ಡು ಕೆಟ್ಟಿಲ್ಲವೆಂದಾಯಿತು. ಮೂರನೆಯದಾಗಿ, ಆ ಕಾರ್ಡಿಗೆ ವಿಳಾಸ ದೊರೆತಿದೆಯೇ ಎಂದು ನೋಡಿದೆವು. ದೊರೆತಿರಲಿಲ್ಲ. ಸರಪಳಿ ತುಂಡಾದ ಜಾಗ ಸಿಕ್ಕಿತು.

ವಿಳಾಸವನ್ನು ಕೊಡಬೇಕೆಂಬ ಸೂಚನೆ ಯಂತ್ರದೊಳಗಿನ ಒಂದು ಕಡತದಲ್ಲಿ ಇದ್ದೇ ಇತ್ತು. ಅದು ಜಾರಿಗೆ ಬರದಿರಲು ಕಾರಣವೇನು? ಕಡತವನ್ನು ತೆರೆದು ಓದಿದಾಗ ಗುಟ್ಟು ಬಯಲಾಯಿತು. ಕಡತದಲ್ಲಿ ಕಾರ್ಡಿನ ಹೆಸರು 'ಇಟಿಎಚ್0' ಎಂದಿತ್ತು. ಯಂತ್ರವಾದರೋ ಪರಿಷ್ಕರಣದ ಬಳಿಕ ಅದೇ ಕಾರ್ಡನ್ನು 'ಇಎನ್‌ಪಿ3ಎಸ್0' ಎಂದು ಕರೆಯುತ್ತಿತ್ತು. ಒಂದು ಬಡಾವಣೆಯ ಮನೆಗಳಿಗೆಲ್ಲ ನಗರಪಾಲಿಕೆಯು ಹೊಸ ಸಂಖ್ಯೆಗಳನ್ನು ಕೊಟ್ಟಿತೆಂದು ಭಾವಿಸಿರಿ. ಹಳೆಯ ಸಂಖ್ಯೆಯ ಪತ್ರವನ್ನು ಹಿಡಿದು ಬಂದ ಹೊಸ ಅಂಚೆಯವನು ಆ ಸಂಖ್ಯೆಯ ಬಾಗಿಲನ್ನು ಕಾಣದೆ ಹಿಂದಿರುಗುತ್ತಾನೆ. ಮನೆಯೂ ಇದೆ, ಮನೆಯವರೂ ಇದ್ದಾರೆ, ಪತ್ರವೂ ಇದೆ. ಹೆಸರು ಮಾತ್ರ ಹೊಂದಿಕೊಳ್ಳುತ್ತಿಲ್ಲ. ನಮ್ಮ ಸರ್ವರಿನಲ್ಲಿ ಆಗಿದ್ದುದು ಇಷ್ಟೇ.

ಇದ್ದ ಹೆಸರನ್ನು ಬದಲಾಯಿಸಿದುದಾದರೂ ಏಕೆ ಎಂದು ನೀವು ಕೇಳಬಹುದು. 1973ರಲ್ಲಿ ಅಮೆರಿಕದ ರಾಬರ್ಟ್ ಮೆಟ್‌ಕಾಫ್ ಎಂಬ ವಿಜ್ಞಾನಿ, ಹತ್ತಿರದ ಗಣಕಗಳನ್ನು ತಂತಿಯಿಂದ ಜೋಡಿಸುವ ಒಂದು ಕ್ರಮವನ್ನು ರೂಪಿಸಿ ಅದಕ್ಕೆ ಈಥರ್‌ನೆಟ್ ಎಂದು ಹೆಸರಿಟ್ಟನು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್‌ವಾಲ್ಡ್ಸ್ ಪ್ರಾರಂಭಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ ಇಂಥ ಕಾರ್ಡುಗಳಿಗೆ ಇಟಿಎಚ್0, ಇಟಿಎಚ್1 ಎಂದು ಕಂಡ ಕ್ರಮದಲ್ಲಿ ಹೆಸರು ಕೊಡಲಾಗುತ್ತಿತ್ತು. ಒಂದೇ ಕಾರ್ಡಿದ್ದರೆ ತೊಂದರೆಯಿಲ್ಲ. ಎರಡಿದ್ದರೆ, ಇಂದು ಮೊದಲು ಕಂಡುದು ನಾಳೆ ಎರಡನೆಯದಾಗಿ ಕಾಣಬಹುದು, ಹೆಸರುಗಳು ಅದಲುಬದಲಾಗಬಹುದು. ಹೊರಗಿನ ಬಾಗಿಲಿಗೆ ಹಾಕಬೇಕಾದ ಬೀಗವನ್ನು ಒಳಗಿನ ಬಾಗಿಲಿಗೆ ಹಾಕಿದಂತಾಗುವ ಅಪಾಯ ಇದರಲ್ಲಿದೆ. ಆದಕಾರಣ 2013ರಲ್ಲಿ, ಲಿನಕ್ಸ್ ಯಂತ್ರಗಳನ್ನು ಪ್ರಾರಂಭಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶದಲ್ಲಿ, ಕಾರ್ಡು ಯಂತ್ರದೊಳಗೆ ಇರುವ ಸ್ಥಾನವನ್ನು ಅನುಸರಿಸಿ ಹೆಸರು ಕೊಡುವ ಪದ್ಧತಿಯನ್ನು ತರಲಾಯಿತು. 'ಇಎನ್' ಎಂದರೆ ಈಥರ್‌ನೆಟ್, 'ಪಿ3' ಎಂದರೆ ಯಂತ್ರದೊಳಗಿನ 3ನೆಯ ಸಂಖ್ಯೆಯ ಸಂಪರ್ಕಮಾರ್ಗ, 'ಎಸ್0' ಎಂದರೆ ಅದರಲ್ಲಿ 0 ಸಂಖ್ಯೆಯ ಸ್ಥಾನ. ಹೀಗೆ ಒಂದು ಕೊರತೆಯನ್ನು ನೀಗಲು ಬಂದ ಸುಧಾರಣೆಯೇ, ಹಳೆಯ ಹೆಸರನ್ನು ನಂಬಿದ್ದವರಿಗೆ ಹೊಸ ತೊಡಕಾಯಿತು.

ಇದು ಯಾರೂ ಮುಂಚಿತವಾಗಿ ಹೇಳದ ವಿಷಯವೇನೂ ಅಲ್ಲ. ಲಿನಕ್ಸ್ ಬಳಗದ ಡೆಬಿಯನ್ ವ್ಯವಸ್ಥೆಯ 10ನೆಯ ಆವೃತ್ತಿ 2019ರ ಜುಲೈ ತಿಂಗಳಲ್ಲಿ ಹೊರಬಂದಾಗ, ಹಳೆಯ ಹೆಸರುಗಳನ್ನು ಉಳಿಸಿಕೊಂಡ ಯಂತ್ರಗಳು ಜಾಲದ ಸಂಪರ್ಕವನ್ನು ಕಳೆದುಕೊಳ್ಳಬಹುದೆಂಬ ಎಚ್ಚರಿಕೆಯನ್ನು ಅದರ ಜೊತೆಗಿನ ಟಿಪ್ಪಣಿಯಲ್ಲಿ ಬರೆಯಲಾಗಿತ್ತು. ನಾನು ಅಳವಡಿಸಿದ ಆವೃತ್ತಿಯೊಂದಿಗೂ ಅಂಥ ಟಿಪ್ಪಣಿಯಿತ್ತು. ಅದನ್ನು ಓದದಿದ್ದುದು ನನ್ನ ತಪ್ಪು.

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಾಗಲಿಲ್ಲ. ಮೊದಲು ಆ ಕಡತದ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಉಳಿಸಿದೆನು. ಬಳಿಕ ಹಳೆಯ ಹೆಸರಿದ್ದ ಕಡೆಯಲ್ಲೆಲ್ಲ ಹೊಸ ಹೆಸರನ್ನು ಬರೆದೆನು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಯಂತ್ರವನ್ನು ಮತ್ತೆ ಪ್ರಾರಂಭಿಸಿದಾಗ ಕಾರ್ಡಿಗೆ ವಿಳಾಸ ಬಂದಿತ್ತು. ಆಮೇಲೆ ರೂಟರಿಗೆ ಒಂದು 'ಪಿಂಗ್' ಕಳುಹಿಸಿದೆನು. ಪಿಂಗ್ ಎಂಬುದು 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ತಜ್ಞ ರಚಿಸಿದ ಪುಟ್ಟ ತಂತ್ರಾಂಶ. "ಇದ್ದೀಯಾ?" ಎಂದು ಒಂದು ಯಂತ್ರವು ಕೂಗುತ್ತದೆ, "ಇದ್ದೇನೆ" ಎಂದು ಇನ್ನೊಂದು ಓಗೊಡುತ್ತದೆ. ರೂಟರ್ ಓಗೊಟ್ಟಿತು. ಅದರಾಚೆ, ಅಂತರಜಾಲದ ಒಂದು ಅಂಕಿ-ವಿಳಾಸಕ್ಕೆ ಕೂಗಿದಾಗ ಅಲ್ಲಿಂದಲೂ ಉತ್ತರ ಬಂತು. ಕೊನೆಗೆ ಅಂಕಿಗಳ ಬದಲು ಒಂದು ತಾಣದ ಹೆಸರನ್ನೇ ಹಿಡಿದು ಕೂಗಿದೆನು. ಅದೂ ಫಲಿಸಿತು.

ಎಲ್ಲ ಸಂದರ್ಭಗಳಲ್ಲಿಯೂ ಕಾರಣ ಇದೇ ಆಗಿರಬೇಕೆಂದಿಲ್ಲ. ಕಾರ್ಡನ್ನೇ ಯಂತ್ರವು ಗುರುತಿಸದಿದ್ದರೆ, ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹೊಸ ಆವೃತ್ತಿಗೆ ಹೊಂದದಿರಬಹುದು. ಆಗ ಪ್ರಾರಂಭದ ಪಟ್ಟಿಯಿಂದ ಹಳೆಯ ಆವೃತ್ತಿಯ ಕರ್ನಲ್ಲನ್ನು, ಎಂದರೆ ವ್ಯವಸ್ಥೆಯ ತಿರುಳನ್ನು, ಆರಿಸಿಕೊಂಡು ನೋಡಬೇಕು. ಅಂಕಿ-ವಿಳಾಸ ಓಗೊಟ್ಟು ಹೆಸರು ಮಾತ್ರ ಫಲಿಸದಿದ್ದರೆ, ಹೆಸರನ್ನು ಅಂಕಿಗೆ ಪರಿವರ್ತಿಸಿಕೊಡುವ ವ್ಯವಸ್ಥೆಯಲ್ಲಿ ದೋಷವಿದೆಯೆಂದು ತಿಳಿಯಬೇಕು. ಎಲ್ಲವೂ ಸರಿಯಿದ್ದು ಸರ್ವರಿನ ಒಂದು ಸೇವೆ ಮಾತ್ರ ದೊರೆಯದಿದ್ದರೆ, ಆ ಸೇವೆಯೇ ನಿಂತಿರಬಹುದು ಅಥವಾ ಕಾವಲಿನ ತಂತ್ರಾಂಶ ಅದನ್ನು ತಡೆದಿರಬಹುದು. ಕಾರಣಗಳು ಬೇರೆ ಬೇರೆಯಾದರೂ ಹುಡುಕುವ ಕ್ರಮ ಒಂದೇ: ಹತ್ತಿರದಿಂದ ಪ್ರಾರಂಭಿಸಬೇಕು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಬದಲಾಯಿಸಿದುದನ್ನು ಬರೆದಿಡಬೇಕು. ಒಟ್ಟಿಗೆ ನಾಲ್ಕನ್ನು ಬದಲಾಯಿಸಿದವನಿಗೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ.

ಅಂದು ಸಂಜೆ ಅಕ್ಕನ ಮನೆಗೆ ಫೋನು ಮಾಡಿದೆನು. ಹುಡುಗಿ ಹಾಡನ್ನು ತೆರೆದಳು. ಹದಿನಾಲ್ಕು ಕಿಲೋಮೀಟರುಗಳಾಚೆಯಿಂದ ಅಜ್ಜಿಯ ದನಿ ಫೋನಿನಲ್ಲಿ ನನಗೂ ಕೇಳಿಸಿತು. ಪಕ್ಕದಲ್ಲಿದ್ದ ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಒಂದೇ ಕಡೆ ಇರಬಾರದಪ್ಪಾ" ಎಂದರು.

ಮುಂದಿನ ಭಾನುವಾರ ನಾನು ಹರಿಹರಕ್ಕೆ ಹೋದಾಗ ಎಲ್ಲ ಹಾಡುಗಳ, ಕಾಗದಪತ್ರಗಳ ಇನ್ನೊಂದು ಪ್ರತಿಯನ್ನು ಒಂದು ಡಿಸ್ಕಿನಲ್ಲಿ ತುಂಬಿಕೊಂಡು ಹೋಗಿ ಅಕ್ಕನ ಮನೆಯ ಬೀರುವಿನಲ್ಲಿ ಇಟ್ಟು ಬಂದೆನು. ಅಂದಿನಿಂದ ಪರಿಷ್ಕರಣ ಮಾಡುವ ಮುನ್ನ ಅದರ ಟಿಪ್ಪಣಿಯನ್ನು ಓದುತ್ತೇನೆ, ಮತ್ತು ಆ ಕೆಲಸವನ್ನು ಸರ್ವರಿನ ಎದುರಿಗೆ ಕುಳಿತೇ ಮಾಡುತ್ತೇನೆ. ಹಲಗೆಯ ಮೇಲೆ, ಯಂತ್ರದ ಪಕ್ಕದಲ್ಲಿ, ಈಗ ಒಂದು ಸಣ್ಣ ನೋಟುಪುಸ್ತಕವಿದೆ. ಅದರ ಮೊದಲ ಪುಟದಲ್ಲಿ ಕಾರ್ಡಿನ ಹಳೆಯ ಹೆಸರು, ಹೊಸ ಹೆಸರು, ವಿಳಾಸ ಇವಿಷ್ಟನ್ನು ಬರೆದಿಟ್ಟಿದ್ದೇನೆ.